ಬಾಗಿಲಲ್ಲೇ ನಿಂತ ಕ್ಯಾಮೆರಾ

ನರಮೇಧದ ಸಿನಿಮಾಗಳ ಚರ್ಚೆಯಲ್ಲಿ ಜೋಶುವಾ ಓಪನ್‌ಹೈಮರ್‌ನ ‘ದಿ ಆ್ಯಕ್ಟ್ ಆಫ್ ಕಿಲ್ಲಿಂಗ್’ (2012) ಬಾರದೆ ಇರುವುದಿಲ್ಲ. ಹಂತಕರಿಂದಲೇ ಹಿಂದಿನದನ್ನು ಮತ್ತೆ ಆಡಿಸಿದ ಮೊದಲ ಸಿನಿಮಾ ಎಂಬಂತೆ ಅದನ್ನು ಕೊಂಡಾಡುತ್ತಾರೆ. ಕಾಂಬೋಡಿಯದ ರಿಥಿ ಪಾನ್ ಒಂಬತ್ತು ವರ್ಷ ಮೊದಲೇ ‘ಎಸ್-21’ರಲ್ಲಿ (2003) ಅದನ್ನು ಮಾಡಿದ್ದರು, ಹೆಚ್ಚು ನಿಷ್ಠುರವಾಗಿ.

ಒಂದು ದೃಶ್ಯ ಸಾಕು. ಕಾಂಬೋಡಿಯವನ್ನಾಳಿದ ಖ್ಮೇರ್ ರೂಜ್ ಸೆರೆಮನೆ ಮಾಡಿಕೊಂಡಿದ್ದ ನಾಮ್‌ಪೆನ್‌ನ ಶಾಲೆ, ತೂಲ್ ಸ್ಲೆಂಗ್; ಅದೇ ಎಸ್-21. ಹದಿಹರೆಯದಲ್ಲೇ ಕಾವಲಿಗೆ ಸೇರಿದ್ದವನೊಬ್ಬ ಬರಿದಾದ ಕೋಣೆಗೆ ನುಗ್ಗುತ್ತಾನೆ. ಇಲ್ಲದ ಕೈದಿಗಳನ್ನು ಗದರುತ್ತಾನೆ, ಕಾಲ್ಕೋಳ ಪರೀಕ್ಷಿಸುತ್ತಾನೆ, ಒಬ್ಬನಿಗೆ ಮೂತ್ರದ ಡಬ್ಬಿ ತಂದಿಡುತ್ತಾನೆ, ಹೊಡೆಯುತ್ತೇನೆಂದು ಬೆದರಿಸುತ್ತಾನೆ, ಹೊರಬಂದು ಬಾಗಿಲು ಹಾಕುತ್ತಾನೆ. ಮತ್ತೆ ತೆರೆಯುತ್ತಾನೆ. ಬರೀ ಮಾತಿನಲ್ಲಿ ಹೇಳಲಾಗದೆ ತಡವರಿಸುತ್ತಿದ್ದವನ ಕೈಕಾಲು ಇಲ್ಲಿ ಎಲ್ಲಿಯೂ ತಪ್ಪುವುದಿಲ್ಲ. ಕ್ಯಾಮೆರಾ ಮಾತ್ರ ಅವನ ಹಿಂದೆ ಒಳಗೆ ಹೋಗುವುದಿಲ್ಲ. ಹೊಸ್ತಿಲು ದಾಟಿದರೆ ನೆಲದಲ್ಲಿ ಸಾಲಾಗಿ ಮಲಗಿಸಿದ್ದವರನ್ನು ತುಳಿದಂತಾಗುತ್ತದೆ ಎಂಬುದು ಪಾನ್ ಕೊಟ್ಟ ಕಾರಣ. ಆ ಕಟ್ಟಡಕ್ಕೆ ತಂದ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರಲ್ಲಿ ಒಬ್ಬರನ್ನೂ ನಟರ ಮೂಲಕ ಮರುಸೃಷ್ಟಿಸದೆ, ಎಲ್ಲಿ ನಿಲ್ಲಬೇಕು ಎಂಬ ಒಂದೇ ತೀರ್ಮಾನದಿಂದ ಅವರೆಲ್ಲ ಅಲ್ಲಿದ್ದರೆಂದು ಈ ಸಿನಿಮಾ ನಂಬಿಸುತ್ತದೆ.

‘ಎಸ್-21’ ಅನ್ನು ಭಾವಶೂನ್ಯವೆಂದು ತಳ್ಳಿಹಾಕುವವರು, ‘ದಿ ಆ್ಯಕ್ಟ್ ಆಫ್ ಕಿಲ್ಲಿಂಗ್’ನಲ್ಲಿ ಇಂಡೊನೇಷ್ಯದ ಮೇದಾನ್‌ನ ಮಹಡಿಯ ಮೇಲೆ ಹಂತಕ ಅನ್ವರ್ ಕಾಂಗೊ ಓಕರಿಸುವ ಕೊನೆಯ ದೃಶ್ಯಕ್ಕೆ ಕರಗಿಹೋಗುತ್ತಾರೆ. ಅದು ಪಶ್ಚಾತ್ತಾಪವೋ ನಟನೆಯೋ ಎಂದು ಪುಟಗಟ್ಟಲೆ ಬರೆದಿದ್ದಾರೆ. ನನಗೆ ಆ ಚರ್ಚೆಯೇ ತಪ್ಪೆನಿಸುತ್ತದೆ. ಅವನು ಅಲ್ಲೇ ತಂತಿಯಿಂದ ಉಸಿರು ಕಟ್ಟಿಸಿದವರ ಸುದ್ದಿ ಬಿಟ್ಟು ಅವನ ಹೊಟ್ಟೆ ತೊಳಸಿದ್ದರ ಸುತ್ತಲೇ ಸುತ್ತುವ ಹಾಗೆ ಸಿನಿಮಾ ನಮ್ಮನ್ನು ಮಾಡಿಬಿಟ್ಟಿದೆ. ಇಂಡೊನೇಷ್ಯದಲ್ಲಿ ಚಿತ್ರೀಕರಣದ ಹೊತ್ತಿಗೂ 1965-66ರ ನರಮೇಧದ ಕೊಲೆಗಡುಕರ ಕಡೆಯವರೇ ಅಧಿಕಾರದಲ್ಲಿದ್ದರು, ಸ್ಥಳೀಯ ತಂತ್ರಜ್ಞರು ಹೆಸರು ಮುಚ್ಚಿಟ್ಟುಕೊಳ್ಳಬೇಕಾಯಿತು, ನಿಜ. ಆ ಕಷ್ಟ ಸಿನಿಮಾಕ್ಕೆ ಸಲ್ಲುವ ಗೌರವವನ್ನು ಹೆಚ್ಚಿಸಬಹುದು, ಅನ್ವರ್‌ನನ್ನು ಕಥಾನಾಯಕನನ್ನಾಗಿಸಿದ್ದನ್ನು ಸಮರ್ಥಿಸಲಾರದು. ಆ ನರಮೇಧದಲ್ಲಿ ಸತ್ತವನೊಬ್ಬನ ತಮ್ಮನನ್ನೇ ಕೊಂದವರೆದುರು ಕೂರಿಸಿದ ‘ದಿ ಲುಕ್ ಆಫ್ ಸೈಲೆನ್ಸ್’ (2014) ಅನ್ನು ಓಪನ್‌ಹೈಮರ್ ಮುಂದೆ ಮಾಡಬೇಕಾಯಿತಲ್ಲ!

‘ಎಸ್-21’ರಲ್ಲಿ ಆ ಸೆರೆಮನೆಯಿಂದ ಬದುಕುಳಿದ ಚಿತ್ರಕಾರ ವಾನ್ ನಾತ್ ಮೊದಲಿಂದಲೂ ಇದ್ದಾರೆ. ತಾವು ಬರೆದ ಚಿತ್ರವನ್ನು ಕಾವಲುಗಾರರ ಮುಂದಿಟ್ಟು, ನಡೆದದ್ದು ಹೀಗೇ ಅಲ್ಲವೇ ಎಂದು ಕೇಳುತ್ತಾರೆ. ಅವರು ನಿಮಗೇನನಿಸುತ್ತದೆ ಎಂಬಲ್ಲಿಗೆ ನಿಲ್ಲದೆ, ಏನು ಮಾಡಿದಿರಿ ಎಂಬುದನ್ನು ಬಿಡದೆ ಕೆದಕುತ್ತಾರೆ. ಎರಡೂ ಸಿನಿಮಾಗಳನ್ನು ‘ಮರುನಟನೆಯ ತಂತ್ರ’ ಎಂದು ಒಂದೇ ಸಾಲಿನಲ್ಲಿ ಮುಗಿಸುವ ವಿಮರ್ಶಕರು ಈ ಪ್ರಶ್ನೆಗಳನ್ನು ಕೇಳಿಸಿಕೊಂಡೇ ಇಲ್ಲ.