ಸಹನೆಯ ಎಲ್ಲೆ: ‘ಫಣಿಯಮ್ಮ’ ಮತ್ತು ‘ಶರಪಂಜರ’

ನೊಂದ ತರುಣಿಯರ ಕಾದಂಬರಿಗಳನ್ನು ಕನ್ನಡದ ಓದುಗರು ಕಣ್ಣೀರಿನೊಡನೆ ಸ್ವೀಕರಿಸಿದ್ದಾರೆ. ಆ ಕಣ್ಣೀರು ಅವರ ನಡತೆಯನ್ನು ಎಷ್ಟರಮಟ್ಟಿಗೆ ತಿದ್ದಿದೆ ಎಂಬುದು ವಿಚಾರಾರ್ಹ.

ಶಿವಮೊಗ್ಗ, ಭದ್ರಾವತಿಗಳ ಓದುಗರಿಗೆ ಎಂ. ಕೆ. ಇಂದಿರಾ ಹೊರಗಿನವರಲ್ಲ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಜನಿಸಿದ ಅವರ ಮೊದಲ ಕಾದಂಬರಿಯ ಹೆಸರೇ ‘ತುಂಗಭದ್ರಾ’; ಒಂದು ಊರಿನ ಹೊಳೆ ತುಂಗೆ, ಇನ್ನೊಂದರದು ಭದ್ರೆ. 1976ರ ‘ಫಣಿಯಮ್ಮ’ದಲ್ಲಿ ಅವರು ಮಲೆನಾಡಿನ ಬಾಲವಿಧವೆಯೊಬ್ಬಳ ದೀರ್ಘ ಜೀವನವನ್ನು ಚಿತ್ರಿಸಿದರು. ಮೆಚ್ಚಿದವರಲ್ಲಿ ಒಂದು ವರ್ಗವು ಫಣಿಯಮ್ಮನ ಸಹನೆಯನ್ನೇ ಹೆಣ್ಣಿನ ಧರ್ಮವೆಂದು ಎತ್ತಿಹಿಡಿದು, ಮನೆಯ ಹೆಣ್ಣುಮಕ್ಕಳಿಗೆ ಅದನ್ನು ಬೋಧಿಸುವುದುಂಟು. ಇದು ಕೃತಿಗೆ ಬಗೆಯುವ ಅನ್ಯಾಯ. ತಲೆ ಬೋಳಿಸಿಕೊಳ್ಳಲೊಲ್ಲೆನೆಂದು ತರುಣ ವಿಧವೆ ದಾಕ್ಷಾಯಿಣಿ ಪ್ರತಿಭಟಿಸಿದಾಗ, ಫಣಿಯಮ್ಮ ನಿಲ್ಲುವುದು ಆಕೆಯ ಪಕ್ಷದಲ್ಲಿ. ತಾನು ಸಹಿಸಿದ್ದನ್ನು ಇನ್ನೊಬ್ಬಳೂ ಸಹಿಸಲೆಂದು ಆಕೆ ಬಯಸುವುದಿಲ್ಲ. ಆಕೆಯ ಹಿರಿಮೆ ಅಡಗಿರುವುದು ಇಲ್ಲಿಯೇ. ಸಹನೆಯು ತನ್ನ ಪಾಲಿಗೆ ವ್ರತವಾಗಬಹುದು. ಪರರ ಮೇಲೆ ಹೇರಿದೊಡನೆ ಅದು ಹಿಂಸೆಯೇ ಆಗುತ್ತದೆ.

ತ್ರಿವೇಣಿಯವರ ‘ಶರಪಂಜರ’ ಇದೇ ಪ್ರಶ್ನೆಯನ್ನು ಬೇರೆ ದಿಕ್ಕಿನಿಂದ ಕೇಳುತ್ತದೆ. ಹೆರಿಗೆಯ ನಂತರ ಮನೋರೋಗಕ್ಕೆ ತುತ್ತಾದ ಕಾವೇರಿ ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ರೋಗ ವಾಸಿಯಾದರೂ ಸುತ್ತಲಿನವರ ಸಂಶಯ ವಾಸಿಯಾಗುವುದಿಲ್ಲ. 1971ರಲ್ಲಿ ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಲ್ಪನಾ ಅವರ ಅಭಿನಯ ಕಂಡವರು ಪತಿಯನ್ನು ಹಳಿದರು. ಪತಿಯನ್ನು ಹಳಿಯುವುದು ಸುಲಭ. ಅದರಿಂದ ಓದುಗ ತಾನು ಪಾರಾಗುತ್ತಾನೆ. ಆದರೆ ಕಾವೇರಿಯನ್ನು ಮತ್ತೆ ಆಸ್ಪತ್ರೆಯ ದಾರಿಗೆ ತಳ್ಳಿದ ಬಾಣಗಳಲ್ಲಿ ನೆರೆಹೊರೆಯವರ ಪಿಸುಮಾತು, ಓರೆನೋಟಗಳೂ ಸೇರಿವೆ.

ಮನ, ವಚನ, ಕಾಯಗಳೆಂಬ ಮೂರರಿಂದಲೂ ಹಿಂಸೆ ಸಂಭವಿಸುತ್ತದೆಂದು ಹಿರಿಯರು ಹೇಳಿದ್ದು ವ್ಯರ್ಥವಲ್ಲ. ಕಾವೇರಿಯ ಮೇಲೆ ನಡೆದದ್ದು ಬಹುಪಾಲು ಮೊದಲೆರಡರ ಹಿಂಸೆ.

ಕೇಶಮುಂಡನದ ಕಾಲ ಹೋಯಿತೆಂದು ನೆಮ್ಮದಿಪಡಲಾಗದು. ವಿಧವೆಯನ್ನು ಅರಿಶಿನ ಕುಂಕುಮಕ್ಕೆ ಕರೆಯದ ಮನೆಗಳು ಇಂದಿಗೂ ಇವೆ. ಮಾನಸಿಕ ಚಿಕಿತ್ಸೆ ಪಡೆದ ಹುಡುಗಿಗೆ ಸಂಬಂಧ ಕೂಡಿಬರುವ ಹೊತ್ತಿಗೆ ಗಂಡಿನ ಮನೆಗೆ ಸುದ್ದಿ ಮುಟ್ಟಿಸುವ ಹಿತೈಷಿಗಳೂ ಇದ್ದಾರೆ. ಅವರ ಕಪಾಟಿನಲ್ಲಿಯೂ ಈ ಎರಡು ಪುಸ್ತಕಗಳು ಇರಬಹುದು. ಓದಿ ಅತ್ತದ್ದನ್ನು ಪುಣ್ಯದ ಲೆಕ್ಕಕ್ಕೆ ಜಮಾ ಮಾಡಿಕೊಳ್ಳುವ ಮೊದಲು, ಪಕ್ಕದ ಮನೆಯ ಹೆಣ್ಣಿನ ವಿಷಯದಲ್ಲಿ ಆಡದೆ ಉಳಿಸಿದ ಮಾತುಗಳೆಷ್ಟೆಂದು ಎಣಿಸಿಕೊಳ್ಳುವುದು ಒಳಿತು.