ಪಾಲು ಮತ್ತು ಪಾರ್ಟು

ಮಂಡ್ಯ ಜಿಲ್ಲೆಯ ಕೊಪ್ಪದ ಸುತ್ತಿನ ಹಳ್ಳಿಗಳಲ್ಲಿ ಹಬ್ಬದ ಹೊತ್ತಿಗೆ ಸೀನರಿ ಲಾರಿ ಬಂದು ನಿಂತರೆ ಯಾವ ನಾಟಕ ಎಂದು ಯಾರೂ ಕೇಳುವುದಿಲ್ಲ. ‘ದುರ್ಯೋಧನ ಯಾರ್ದು?’ ಎಂದು ಕೇಳುತ್ತಾರೆ. ನಾಟಕ ಕುರುಕ್ಷೇತ್ರವೇ ಎಂಬುದು ಹೇಳದೆ ಗೊತ್ತಿರುವ ಮಾತು. ಸಂಪೂರ್ಣ ರಾಮಾಯಣ, ದಾನಶೂರ ಕರ್ಣ, ಶನಿಪ್ರಭಾವಗಳನ್ನೂ ಆಡುತ್ತಾರೆ. ಆದರೆ ಮಂಡ್ಯ ಸೀಮೆಯ ರೈತಾಪಿ ಹವ್ಯಾಸಿಗಳು ಅತಿ ಹೆಚ್ಚು ಸಲ ಕಟ್ಟಿದ್ದು ಯಾವುದು ಎಂದರೆ ಉತ್ತರಕ್ಕೆ ತಡಕಾಡಬೇಕಿಲ್ಲ. ತಡಕಾಡಬೇಕಾದ್ದು ಕಾರಣಕ್ಕೆ.

ವೈಭವವೇ ಕಾರಣ ಎನ್ನುವವರಿದ್ದಾರೆ. ಬಿ. ಪುಟ್ಟಸ್ವಾಮಯ್ಯನವರು ಬರೆದ ಕುರುಕ್ಷೇತ್ರದಲ್ಲಿ ಗುಬ್ಬಿ ವೀರಣ್ಣನವರು ರಂಗದ ಮೇಲೆ ಆನೆ, ಕುದುರೆಗಳನ್ನೇ ತಂದು ನಿಲ್ಲಿಸಿದ್ದರು. ಆದರೆ ಹಳ್ಳಿಯ ಅಟ್ಟದ ಮೇಲೆ ಆನೆ ಹತ್ತುವುದಿಲ್ಲ. ಆನೆ ಹೋಯಿತು, ನಾಟಕ ಉಳಿಯಿತು. ರನ್ನ, ಕುಮಾರವ್ಯಾಸರ ಬಲ ಎನ್ನೋಣವೆಂದರೆ ರಾಮಾಯಣಕ್ಕೇನು ಕವಿಗಳ ಬರವೆ?

ದೂರದ ಒಂದು ಉದಾಹರಣೆ ಇಲ್ಲಿ ನೆರವಿಗೆ ಬರುತ್ತದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರತಂದರು. ಮೇಜಿನ ಸುತ್ತ ಕೂತವರೇ ವೀರರು, ಮಾಂತ್ರಿಕರು. ದಾಳ ಬಿದ್ದಂತೆ ಕಥೆ. ಅದರಲ್ಲಿ ‘ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್’ ಎಂಬ ಸಾಹಸ ಮನೆಮಾತಾದದ್ದಕ್ಕೆ ಒಂದು ಸರಳ ಕಾರಣ, ಅದು ಮುಂದೆ ಬಂದ ಆಟದ ಪೆಟ್ಟಿಗೆಯೊಳಗೇ ಇತ್ತು. ನಮ್ಮ ಕುರುಕ್ಷೇತ್ರವೂ ಹಾಗೆ ಪೆಟ್ಟಿಗೆಯಲ್ಲೇ ಬರುತ್ತದೆ. ಡ್ರಾಮಾ ಮೇಷ್ಟರಿಗೆ ಕಂದಪದ್ಯ, ಮಟ್ಟುಗಳೆಲ್ಲ ಬಾಯಿಪಾಠ. ಕಿರೀಟ, ಗದೆ, ಅರಮನೆ ಪರದೆ ಬಾಡಿಗೆಗೆ ಸಿದ್ಧ. ಕೈಗೆ ಸಿಕ್ಕಿದ್ದನ್ನು ಊರು ಆಡುತ್ತದೆ.

ಆದರೆ ಇದು ಅರ್ಧ ಕಾರಣ. ಉಳಿದರ್ಧ ಪ್ರಾಕ್ಟೀಸಿನ ಮನೆಯಲ್ಲಿದೆ. ರಾತ್ರಿ ಒಂಬತ್ತು ದಾಟಿದೆ. ಒಂದೇ ಬಲ್ಬು. ಮೇಷ್ಟರು ಕಾಲು ಹಾರ್ಮೋನಿಯಂ ತುಳಿಯುತ್ತ ಷಡ್ಜ ಹಿಡಿದು ಕಾಯುತ್ತಿದ್ದಾರೆ. ಕಬ್ಬಿಗೆ ನೀರು ಕಟ್ಟಿ ಬಂದ ಕರ್ಣ ಕಾಲಿನ ಕೆಸರು ಒಣಗುವ ಮುಂಚೆಯೇ ಶ್ರುತಿ ತಪ್ಪಿ ಬೈಸಿಕೊಳ್ಳುತ್ತಾನೆ. ಮೂಲೆಯಲ್ಲಿ ವಿದುರ, ಸಾತ್ಯಕಿ, ಸೈಂಧವ ತಮ್ಮ ಸರದಿಗೆ ಕೂತಿದ್ದಾರೆ. ಶನಿಪ್ರಭಾವದಲ್ಲಿ ಒಬ್ಬ ರಾಜನೇ ಬೆಳತನಕ ನರಳಬೇಕು. ಕುರುಕ್ಷೇತ್ರದಲ್ಲಿ ಇಪ್ಪತ್ತು ಮಂದಿಗೂ ಒಂದೊಂದು ಪ್ರವೇಶ, ಒಂದೊಂದು ಹಾಡು, ಎದೆ ತಟ್ಟಿ ಆಡುವ ಒಂದು ಮಾತು. ಅದೂ ಸಾಲದಾದರೆ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ದೇವರನ್ನೇ ಪಾಲು ಮಾಡುತ್ತಾರೆ. ಸಂಧಾನದಲ್ಲಿ ಐದು ಊರು ಕೇಳಿದರೂ ಪಾಲು ಸಿಗದವರ ಕಥೆಯನ್ನು, ಎಲ್ಲರಿಗೂ ಪಾಲು ಸಿಗುವಂತೆ ಆಡುವುದು. ಈ ನಾಟಕದ ಗಟ್ಟಿತನ ಇಲ್ಲಿದೆ. ನೋಡುವವರಿಗಿಂತ ಆಡುವವರಿಗಾಗಿ ಇರುವ ನಾಟಕ ಇದು.

ಹಾಗೆಂದು ಪಾಲು ಸಮನಾಗಿಲ್ಲ. ಆಡುವವನೇ ತನ್ನ ಪಾರ್ಟಿಗೆ ವಂತಿಗೆ ಕಟ್ಟಬೇಕು, ದುರ್ಯೋಧನನ ವಂತಿಗೆ ದೊಡ್ಡದು. ಅವನು ಇಲ್ಲಿ ಖಳನಲ್ಲ, ಛಲದ ದೊರೆ. 2019ರ ‘ಕುರುಕ್ಷೇತ್ರ’ ಸಿನಿಮಾ ದರ್ಶನ್ ಅವರಿಗೆ ದುರ್ಯೋಧನನ ಪಾತ್ರ ಕೊಟ್ಟಾಗ ಈ ಸೀಮೆಗೆ ಅಚ್ಚರಿಯೇನೂ ಆಗಲಿಲ್ಲ. ಆದರೆ ದುಡ್ಡಿದ್ದವನಿಗೆ ಛಲದ ಪಾರ್ಟು, ಕಂಠವಿದ್ದ ಬಡವನಿಗೆ ಸೈಂಧವ ಎಂದಾದರೆ ರಂಗ ಸೊರಗುತ್ತದೆ. ಅಭಿಮನ್ಯು ಉತ್ತರೆಯನ್ನು ಬಿಟ್ಟು ಹೊರಡುವ ಹೊತ್ತಿಗೆ ನೆಂಟರು ನುಗ್ಗಿ ಹಾರ ಹಾಕಿ ನೋಟು ಚುಚ್ಚುತ್ತಾರೆ. ಅಳಲು ಬಂದವರು ಮೈಕಿನಲ್ಲಿ ದಾನಿಗಳ ಹೆಸರು ಕೇಳಿಕೊಂಡು ಕೂರಬೇಕು. ಮೇಷ್ಟರು ಕಲಿಸಿದ ಮಟ್ಟು ದಾಟಿದರೆ ತಪ್ಪು. ಅಮೆರಿಕದ ಆಟದಲ್ಲಿ ದಾಳ ಹೇಗೂ ಬೀಳಬಹುದು. ಇಲ್ಲಿ ಶಕುನಿಯ ದಾಳ ಹೇಗೆ ಬೀಳುತ್ತದೆಂದು ಮಕ್ಕಳಿಗೂ ಗೊತ್ತು. ಗೊತ್ತಿರುವುದನ್ನೇ ಚೆನ್ನಾಗಿ ಆಡುವುದು ಈ ಪರಂಪರೆಯ ಕಲೆ ಹೌದು. ಅದೇ ಅದರ ಸೋಮಾರಿತನವೂ ಹೌದು.

ದೊಡ್ಡ ಕೊರತೆ ಬೇರೆಯೇ ಇದೆ. ದ್ರೌಪದಿ, ಕುಂತಿ, ಉತ್ತರೆಯರಿಗೆ ಪಟ್ಟಣದಿಂದ ವೃತ್ತಿ ಕಲಾವಿದೆಯರನ್ನು ಕರೆಸುತ್ತಾರೆ. ಪಳಗಿದ ಕಂಠ ಅವರದು, ತಡವರಿಸುವ ಅರ್ಜುನನಿಗೆ ಮಾತು ಹೇಳಿಕೊಟ್ಟು ದಡ ಸೇರಿಸುವವರೂ ಅವರೇ. ಆದರೂ ಸಭೆಯ ಮುಂದೆ ದ್ರೌಪದಿ ಎತ್ತುವ ಪ್ರಶ್ನೆ ಬೆಳಗಿನ ಮೊದಲ ಬಸ್ಸಿಗೆ ಊರು ಬಿಡುತ್ತದೆ. ಊರ ಹೆಂಗಸರು ಚಾಪೆ ಹಾಸಿಕೊಂಡು, ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡು ಕೇಳುತ್ತಾರೆ. ಹೆಂಗಸರೇ ಸೇರಿ ಗದೆ ಹಿಡಿದದ್ದೂ ಅಲ್ಲಲ್ಲಿ ಉಂಟು, ಅದಿನ್ನೂ ವಾಡಿಕೆಯಾಗಿಲ್ಲ.

ಕುರುಕ್ಷೇತ್ರ ಹಳತಾಯಿತು, ಹೊಸ ನಾಟಕ ಬರಲಿ ಎಂದು ಪೇಟೆಯ ರಂಗಕರ್ಮಿಗಳು ಹೇಳುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಚಾಪೆಯ ಮೇಲಿದ್ದವಳೊಬ್ಬಳು ವಂತಿಗೆ ಬರೆಸಿ ದ್ರೌಪದಿಯಾಗಿ ತನ್ನೂರ ಗಂಡಸರೆದುರು ನಿಲ್ಲಲಿ. ಒಂದು ಮಾತನ್ನೂ ತಿದ್ದಬೇಕಾಗಿಲ್ಲ.