ವಿಶ್ವೇಶ್ವರಯ್ಯನವರ ಕಾರ್ಯಜೀವನವೂ ಊರಿಗಾಮಿನ ದೀಪವೂ

1902ನೆಯ ಇಸವಿಯಲ್ಲಿ ಶಿವಸಮುದ್ರದ ಜಲಪಾತದಿಂದ ಹೊರಟ ವಿದ್ಯುಚ್ಛಕ್ತಿಯು ಸುಮಾರು 92 ಮೈಲಿಗಳ ದೂರವನ್ನು ತಂತಿಯ ಮೇಲೆ ಕ್ರಮಿಸಿ ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. ಬೆಂಗಳೂರಿನ ಬೀದಿಗಳು ವಿದ್ಯುದ್ದೀಪವನ್ನು ಕಾಣುವುದಕ್ಕೆ ಮೂರು ವರ್ಷ ಮೊದಲೇ ಊರಿಗಾಮಿನ ಯಂತ್ರಗಳು ಕಾವೇರಿಯ ಬಲದಿಂದ ತಿರುಗತೊಡಗಿದುವು. ಆದರೆ ಬೇಸಗೆಯಲ್ಲಿ ನದಿ ಬಡವಾದರೆ ಶಕ್ತಿಯೂ ಬಡವಾಗುತ್ತಿತ್ತು. ಈ ಕೊರತೆಯನ್ನು ನೀಗುವುದೂ ಸಹಸ್ರಾರು ಎಕರೆಗಳಿಗೆ ನೀರುಣಿಸುವುದೂ ಒಂದೇ ಅಣೆಕಟ್ಟಿನಿಂದ ಸಾಧ್ಯವೆಂದು ಸಂಸ್ಥಾನದ ಮುಖ್ಯ ಇಂಜಿನಿಯರಾಗಿ 1909ರಲ್ಲಿ ಬಂದ ಸರ್ ಎಂ. ವಿಶ್ವೇಶ್ವರಯ್ಯನವರು ಪ್ರತಿಪಾದಿಸಿದರು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಥೆಯಲ್ಲಿ, ಹೀಗೆ, ಊರಿಗಾಮಿಗೂ ಒಂದು ಪಾಲುಂಟು. ಆ ಮಹನೀಯರು ಹುಟ್ಟಿದ ಮುದ್ದೇನಹಳ್ಳಿಯೂ ಅಂದು ಕೋಲಾರ ಜಿಲ್ಲೆಗೇ ಸೇರಿತ್ತು. ಆದುದರಿಂದ ಅವರ ಆತ್ಮಕಥನವನ್ನು ಈ ಸೀಮೆಯ ವಾಚಕರು ವಿಶೇಷ ಸ್ವಾತಂತ್ರ್ಯದಿಂದ ಪರೀಕ್ಷಿಸಬಹುದು.

ಆ ಗ್ರಂಥವು 1951ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ 'ಮೆಮಾಯರ್ಸ್ ಆಫ್ ಮೈ ವರ್ಕಿಂಗ್ ಲೈಫ್.' ಹೆಸರೇ ಅದರ ಎಲ್ಲೆಯನ್ನು ಸಾರುತ್ತದೆ. ಗ್ರಂಥಕರ್ತರು ತಮ್ಮ ಜೀವನವನ್ನು ಬರೆದಿಲ್ಲ, ಕಾರ್ಯಜೀವನವನ್ನು ಬರೆದಿದ್ದಾರೆ. ಬೊಂಬಾಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ 1884ರಲ್ಲಿ ಸೇರಿದುದು, 1908ರ ಮೂಸಿ ಪ್ರವಾಹದ ಬಳಿಕ ಹೈದರಾಬಾದಿನ ರಕ್ಷಣೆಗೆ ಉಪಾಯ ಹೇಳಿದುದು, 1912ರಿಂದ 1918ರ ಕೊನೆಯವರೆಗೆ ಮೈಸೂರಿನ ದಿವಾನಗಿರಿ, ಅನಂತರ ಭದ್ರಾವತಿಯ ಕಬ್ಬಿಣದ ಕಾರ್ಖಾನೆ: ಒಂದಾದ ಮೇಲೊಂದು ಕಾರ್ಯವು ಕಡತದ ಕ್ರಮದಲ್ಲಿ ಬಂದು ನಿಲ್ಲುತ್ತದೆ. ಮನೆಯ ಮಾತು ವಿರಳ. ಮನಸ್ಸಿನ ಮಾತು ಮತ್ತೂ ವಿರಳ. ರಸವನ್ನು ಬಯಸಿ ಬಂದವನಿಗೆ ಇಲ್ಲಿ ನಿರಾಶೆಯಾಗುವುದು ಸಹಜ.

ಆದರೆ ಈ ಶುಷ್ಕತೆಯನ್ನು ದೋಷವೆಂದು ಒಡನೆಯೇ ತೀರ್ಮಾನಿಸುವುದು ನ್ಯಾಯವಲ್ಲ. ಅಧಿಕಾರದಲ್ಲಿದ್ದವರ ಆತ್ಮಕಥೆಗಳಲ್ಲಿ ಆತ್ಮವೇ ಹೆಚ್ಚಾಗಿ ಕಥೆ ಕಡಮೆಯಾಗುವುದುಂಟು. ಇಲ್ಲಿ ಅದಕ್ಕೆ ವಿಪರ್ಯಯ. ತಾನು ಕಟ್ಟಿದುದೇ ತನ್ನ ಪರವಾಗಿ ಮಾತನಾಡಲೆಂಬ ನಿಲುವು ಒಂದು ಬಗೆಯ ವಿನಯ. ವಾಕ್ಯಗಳು ಕಲ್ಲುಗಾರೆಯ ಕಟ್ಟಡದಂತೆ ಅಲಂಕಾರವಿಲ್ಲದೆ ಭಾರವನ್ನು ಹೊರುತ್ತವೆ.

ಗ್ರಂಥದ ನಿಜವಾದ ಆಸಕ್ತಿಯಿರುವುದು ಇಂಜಿನಿಯರು ಅರ್ಥಶಾಸ್ತ್ರಜ್ಞನಾಗಿ ಪರಿಣಮಿಸುವ ಬಗೆಯಲ್ಲಿ. ನದಿಯನ್ನು ಅಳೆಯುವಂತೆಯೇ ದೇಶದ ಬಡತನವನ್ನೂ ಅಳೆಯಬೇಕು, ಅಂದಾಜು ಮಾಡಬೇಕು, ಅವಧಿ ಗೊತ್ತುಮಾಡಿ ನೀಗಬೇಕು ಎಂಬುದು ಅವರ ನಂಬಿಕೆ. 1911ರಲ್ಲಿ ಸೇರಿದ ಮೈಸೂರು ಸಂಪದಭ್ಯುದಯ ಸಮಾಜ, 1913ರ ಮೈಸೂರು ಬ್ಯಾಂಕು, 1916ರ ವಿಶ್ವವಿದ್ಯಾನಿಲಯ, ಇವೆಲ್ಲವೂ ಒಂದೇ ಯೋಚನೆಯ ಕೊಂಬೆಗಳು. 1934ರಲ್ಲಿ ಅವರು ಪ್ರಕಟಿಸಿದ 'ಪ್ಲಾನ್ಡ್ ಎಕಾನಮಿ ಫಾರ್ ಇಂಡಿಯಾ' ಎಂಬ ಗ್ರಂಥವು ಹತ್ತು ವರ್ಷಗಳಲ್ಲಿ ರಾಷ್ಟ್ರದ ವರಮಾನವನ್ನು ಇಮ್ಮಡಿಗೊಳಿಸುವ ಯೋಜನೆಯನ್ನು ಮುಂದಿಟ್ಟಿತು. ಜನರು ನೇಗಿಲನ್ನೊಂದನ್ನೇ ನೆಚ್ಚದೆ ಕೈಗಾರಿಕೆಯತ್ತ ತಿರುಗಬೇಕೆಂಬುದು ಅದರ ಸಾರ. ಸ್ವತಂತ್ರ ಭಾರತದ ಮೊದಲನೆಯ ಪಂಚವಾರ್ಷಿಕ ಯೋಜನೆಗೆ ಹದಿನೇಳು ವರ್ಷ ಮುಂಚಿತವಾಗಿ ಬಂದ ಮಾತಿದು.

ಈ ಅರ್ಥಶಾಸ್ತ್ರದ ಒರೆಗಲ್ಲು ಭದ್ರಾವತಿ. ಊರಿಗಾಮಿನ ಚಿನ್ನವನ್ನು ಅಗೆದುದು ವಿಲಾಯಿತಿಯ ಬಂಡವಾಳ. ಲಾಭವು ಷೇರುದಾರರದು, ಸಂಸ್ಥಾನಕ್ಕೆ ಬಂದುದು ರಾಜಧನ. ಭದ್ರಾವತಿಯ ಕಬ್ಬಿಣವಾದರೋ ಸಂಸ್ಥಾನದ ಸ್ವಂತ ಉದ್ಯಮ. 1923ರಲ್ಲಿ ಉತ್ಪನ್ನ ತೊಡಗಿದ ಮೇಲೆ ಅದು ನಷ್ಟದಲ್ಲಿ ತೊಳಲಿತು, ಟೀಕೆಗಳು ಹೆಚ್ಚಿದುವು, ದಿವಾನಗಿರಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರೇ ಮರಳಿ ಬಂದು ಅದರ ಆಡಳಿತವನ್ನು ವಹಿಸಿದರು. ಬೇರೆಯವರು ಅಗೆದ ಬಂಗಾರಕ್ಕೆ ಕೈಯೊಡ್ಡುವುದಕ್ಕಿಂತ ತಾವೇ ಕಾಸಿದ ಕಬ್ಬಿಣಕ್ಕೆ ಬೆವರು ಸುರಿಸುವುದು ಮೇಲೆಂಬ ಅಭಿಪ್ರಾಯವು ಅವರ ನಡತೆಯಲ್ಲಿ ಸ್ಪಷ್ಟವಾಗಿದೆ.

ಇಷ್ಟು ಹೇಳಿದ ಮೇಲೆ ಕೊರತೆಯನ್ನೂ ಹೇಳಬೇಕು. ಅಳತೆಯನ್ನೇ ನಂಬಿದ ದೃಷ್ಟಿಗೆ ಅಳತೆಗೆ ಸಿಕ್ಕದುದು ಮಸುಕಾಗುತ್ತದೆ. 1918ರಲ್ಲಿ ಮಹಾರಾಜರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿ, ಹಿಂದುಳಿದ ಸಮುದಾಯಗಳಿಗೆ ಸರ್ಕಾರದ ಉದ್ಯೋಗಗಳಲ್ಲಿ ತಕ್ಕ ಪಾಲು ದೊರೆಯುವ ವಿಷಯವನ್ನು ಒಪ್ಪಿಸಿದರು. ಯೋಗ್ಯತೆಯೊಂದೇ ಮಾನದಂಡವಾಗಬೇಕೆಂದ ದಿವಾನರಿಗೆ ಇದು ಹಿಡಿಸಲಿಲ್ಲ. ಅವರು ಅಧಿಕಾರವನ್ನು ತ್ಯಜಿಸಿದುದಕ್ಕೆ ಈ ಭಿನ್ನಾಭಿಪ್ರಾಯವೂ ಒಂದು ಕಾರಣವೆಂದು ಚರಿತ್ರಕಾರರು ಹೇಳುತ್ತಾರೆ. ಅವರ ಶುದ್ಧಹಸ್ತವನ್ನು ಯಾರೂ ಶಂಕಿಸಲಾರರು. ಆದರೆ ಓಟದ ಗೆರೆಯನ್ನೇ ಮುಟ್ಟಲು ಬಿಡದವರ ಯೋಗ್ಯತೆಯನ್ನು ಯಾವ ಗಡಿಯಾರದಿಂದ ಅಳೆಯುವುದು? ವಿದ್ಯೆಯನ್ನು ಹಳ್ಳಿಗೆ ಒಯ್ಯಲು ಅಷ್ಟು ಶ್ರಮಿಸಿದವರೇ ಈ ಪ್ರಶ್ನೆಯ ತೂಕವನ್ನು ಪೂರ್ತಿಯಾಗಿ ಅರಿಯದೆ ಹೋದುದು ವಿಷಾದಕರ.

ಇದೇ ಕೊರತೆಯು ಊರಿಗಾಮಿನಿಂದ ನೋಡಿದಾಗ ಮತ್ತೊಂದು ರೂಪದಲ್ಲಿ ಕಾಣುತ್ತದೆ. ವಿದ್ಯುತ್ತನ್ನು ತಪ್ಪದೆ ಕೊಳ್ಳುವ ಗಿರಾಕಿಯಾಗಿ ಗಣಿ ಇದ್ದುದರಿಂದಲೇ ಶಿವಸಮುದ್ರದ ಲೆಕ್ಕ ಸರಿಹೋಯಿತು. ಅಣೆಕಟ್ಟಿನ ವಾದಕ್ಕೂ ಬಲ ಬಂದಿತು. ಆ ನೀರು ಮಂಡ್ಯದ ಬಯಲನ್ನು ಹಸುರಾಗಿಸಿತು. 1933ರಲ್ಲಿ ಅಲ್ಲಿ ಸಕ್ಕರೆಯ ಕಂಪೆನಿಯೂ ಸ್ಥಾಪಿತವಾಯಿತು. ಗಣಿಯಿದ್ದ ಕೋಲಾರದ ಸೀಮೆಗೆ ಮಾತ್ರ ಹಿಂದಿನಂತೆಯೇ ಕೆರೆಯೇ ಗತಿ. ಭೂಗರ್ಭದಲ್ಲಿ ಸಾವಿರಾರು ಅಡಿಗಳ ಕೆಳಗೆ ದುಡಿದವರು ಯಂತ್ರಶಕ್ತಿಯ ಲೆಕ್ಕದಲ್ಲಿ ಅಂಕೆಯಾಗಿ ಬಂದರೇ ಹೊರತು, ಅಂಕೆಯ ಹಿಂದಿನ ಮನೆ, ಮಕ್ಕಳು, ಕೆಮ್ಮು ಯಾವ ಯೋಜನೆಯ ಅಂಕಣಕ್ಕೂ ಇಳಿಯಲಿಲ್ಲ. 1956ರಲ್ಲಿ ಗಣಿಗಳು ಸರ್ಕಾರದ ವಶವಾದುವು, 2001ರಲ್ಲಿ ಮುಚ್ಚಿದುವು. ಈಗ ಅಲ್ಲಿ ಉಳಿದಿರುವುದು ಸೈನೈಡ್ ಮಣ್ಣಿನ ದಿಬ್ಬಗಳೂ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಮೆಗೆ ಹೋಗುವ ಜನವೂ. ಉತ್ಪನ್ನ ನಿಂತ ಮೇಲೆ ಊರು ಏನಾಗಬೇಕೆಂಬುದಕ್ಕೆ ಒಂದು ಅಧ್ಯಾಯವನ್ನು ಯೋಜಕರಾರೂ ಮುಂಚೆ ಬರೆದಿಟ್ಟಿರಲಿಲ್ಲ.

ಇದರ ಹೊಣೆಯನ್ನು 1962ರಲ್ಲಿ ತೀರಿಕೊಂಡ ಒಬ್ಬರ ಮೇಲೆ ಹೊರಿಸುವುದು ಅನ್ಯಾಯ. ವಾಸ್ತವವಾಗಿ, ಒಂದೇ ಕಸುಬನ್ನು ನೆಚ್ಚಿದ ನಾಡು ಉಳಿಯದೆಂದು ಮುಂಚೆಯೇ ಎಚ್ಚರಿಸಿದವರಲ್ಲಿ ಅವರೂ ಒಬ್ಬರು. ಆ ಎಚ್ಚರಿಕೆಯು ನೇಗಿಲಿಗೆ ಸಲ್ಲುವಂತೆ ಗಣಿಗೂ ಸಲ್ಲುತ್ತಿತ್ತು. ಅವರ ಗ್ರಂಥವನ್ನು ಪೂಜೆಯ ಪೀಠದ ಮೇಲಿಟ್ಟು ಕೈಮುಗಿದವರು ಬಹಳ. ಪುಟ ತಿರುವಿ ಲೆಕ್ಕ ತಾಳೆನೋಡಿದವರು ಕಡಮೆ. ಜೀವಮಾನವೆಲ್ಲ ಲೆಕ್ಕವನ್ನು ತಾಳೆನೋಡಿಯೇ ಬಾಳಿದ ಗ್ರಂಥಕರ್ತರಿಗೆ ಈ ಎರಡನೆಯ ಬಗೆಯ ಓದೇ ಹೆಚ್ಚು ಪ್ರಿಯವಾಗುತ್ತಿತ್ತೆಂದು ಹೇಳಿದರೆ ತಪ್ಪಾಗಲಾರದು.